ಮೂರರಲ್ಲಿ ಚಿಕ್ಕದು

ಅಂಗಡಿಯ ಶಮೀರ್ ಚಪ್ಪಲಿ ಬಿಟ್ಟು ಸೂಟ್‌ಕೇಸಿನ ಮೇಲೆ ಹತ್ತಿ ನಿಂತ. ನಿಂತವನು ಒಮ್ಮೆ ಕುಪ್ಪಳಿಸಿದ.

"ನೋಡಿ ಚೇಟಾ, ಒಂಚೂರೂ ತಗ್ಗಲಿಲ್ಲ. ವಿಮಾನದವರು ಎತ್ತಿ ಎಸೀತಾರಲ್ಲ, ಎಸೆದು ಎಸೆದು ಅವರ ಕೈ ನೋಯ್ಬೇಕು ಅಷ್ಟೆ."

ತಂಗಚ್ಚನ್ ನಕ್ಕ. ಚಂಗನಾಶ್ಶೇರಿ ಬಸ್ ನಿಲ್ದಾಣದ ಹಿಂದಿನ ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಫ್ಯಾನು, ಅದೂ ಗಲ್ಲಾದ ಕಡೆ ತಿರುಗಿತ್ತು. ಅವನ ಹೆಂಡತಿ ಶೋಶಮ್ಮ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಕುವೈತಿನ ಆಸ್ಪತ್ರೆಯಲ್ಲಿ ನರ್ಸಾಗಿ ನಿಂತೂ ನಿಂತೂ ಹಿಡಿದ ನೋವು ರಜೆಯಲ್ಲೂ ಬಿಟ್ಟಿರಲಿಲ್ಲ. ಕೆಲಸ ಬಿಟ್ಟು ಬಂದುಬಿಡುತ್ತೇನೆ ಎಂಬ ಮಾತನ್ನು ಊರಿಗೆ ಬಂದ ದಿನದಿಂದ ಹೇಳಬೇಕೆಂದಿದ್ದಳು. ಊಟದ ಹೊತ್ತಿಗೆ ಯಾರಾದರೂ ಬರುತ್ತಿದ್ದರು, ಇಲ್ಲವೇ ಇವರೇ ಯಾರ ಮನೆಗಾದರೂ ಹೋಗಬೇಕಾಗುತ್ತಿತ್ತು. ರಜೆ ಮುಗಿಯುತ್ತ ಬಂದಿತ್ತು.

ಹಳೆಯ ಸೂಟ್‌ಕೇಸಿನ ಜಿಪ್ ಈ ಸಲ ಕೊಚ್ಚಿಯಲ್ಲಿ ಇಳಿಯುವಾಗಲೇ ಬಾಯಿಬಿಟ್ಟಿತ್ತು. ನಾದಿನಿ ಲಿಲ್ಲಿಕುಟ್ಟಿಗೆಂದು ತಂದ ಹಾಲಿನ ಪುಡಿ ಎಲ್ಲರೆದುರು ಚೆಲ್ಲಿತ್ತು. ಅದಕ್ಕೇ ತಂಗಚ್ಚನ್ ಈಗ ಗಟ್ಟಿಯಾದದ್ದೇ ಬೇಕೆಂದು ಹಟ ಹಿಡಿದಿದ್ದ. ಶಮೀರ್ ಕೆಳಗಿಳಿದು ಆ ದೊಡ್ಡದನ್ನು ತೆರೆದ. ಅದರೊಳಗಿಂದ ನಡುವಿನದನ್ನು, ನಡುವಿನದರೊಳಗಿಂದ ಚಿಕ್ಕದನ್ನು ತೆಗೆದು ಪಕ್ಕಕ್ಕಿಟ್ಟ. ತಂಗಚ್ಚನ್ ಮಂಡಿಯೂರಿ ಒಂದೊಂದೇ ಖಾನೆಗೆ ಕೈ ಹಾಕಿದ.

"ಮುಂದಿನ ಸಲ ಬರೋವಾಗ ಇಲ್ಲಿ ಅಮ್ಮಚ್ಚಿಗೆ ಕಂಬಳಿ. ಈ ಜಾಲರೀಲಿ ಚಾಕಲೇಟು. ಈ ಪಕ್ಕದ್ದು ಪೂರ್ತಿ ನಮ್ಮ ಲಿಲ್ಲಿಕುಟ್ಟಿಗೆ, ಇನ್ನು ಅವಳ ಬಾಯಿ ಮುಚ್ಚುತ್ತೆ."

"ನನ್ನ ಬಟ್ಟೆ?"

"ಅದನ್ನ ಸಂದಿಗೊಂದೀಲಿ ತುರುಕಿದ್ರಾಯ್ತು ಕಣೇ. ಸಾಮಾನು ಒಡೀಬಾರ್ದಲ್ಲ."

"ಚೇಚಿ ಬಟ್ಟೇನೇ ಥರ್ಮಾಕೋಲು!" ಶಮೀರ್ ತನ್ನ ಮಾತಿಗೆ ತಾನೇ ನಕ್ಕ. "ಹತ್ತು ವರ್ಷ ಗ್ಯಾರಂಟಿ ಚೇಟಾ. ಚಕ್ರಕ್ಕೂ ಸೇರಿ."

"ಹತ್ತು!" ತಂಗಚ್ಚನ್ ಎಮ್ಮೆ ಕೊಳ್ಳುವವನ ಹಾಗೆ ಸೂಟ್‌ಕೇಸಿನ ಬೆನ್ನು ತಟ್ಟಿದ. "ಲೆಕ್ಕ ಸರಿಹೋಯ್ತು ನೋಡು. ಮನೆ ಮೇಲೆ ಕಟ್ಟಿಸ್ತಿರೋ ಮಹಡಿ ಮುಗಿಯುತ್ತೆ, ಮಗಳ ಮದುವೆ ಮುಗಿಯುತ್ತೆ. ಇದು ಸವೆಯೋ ಹೊತ್ತಿಗೆ ನಿನಗೂ ಬಿಡುಗಡೆ."

ಅವನು ಪ್ರೀತಿಯಿಂದಲೇ ಹೇಳಿದ್ದ. ಜಗಳಕ್ಕೆ ಬಂದಿದ್ದರೆ ಅವಳಿಗೆ ಇಷ್ಟು ದಣಿವಾಗುತ್ತಿರಲಿಲ್ಲ.

"ಶಮೀರೇ, ಆ ಚಿಕ್ಕದನ್ನ ಕೊಡು ಇಲ್ಲಿ."

"ಅದು ಕೈಲಿ ಹಿಡ್ಕೊಂಡು ವಿಮಾನ ಹತ್ತೋದು ಚೇಚಿ. ಎರಡು ಜೊತೆ ಬಟ್ಟೆ, ಒಂದು ಬೈಬಲ್ಲು, ಮುಗೀತು."

"ಇದಕ್ಕೆ ಗ್ಯಾರಂಟಿ?"

"ಸೆಟ್ಟಿಗಾದ್ರೆ ಇದೆ. ಬಿಡಿಯಾಗಿ ಕೊಂಡ್ರೆ ಇಲ್ಲ."

"ಒಂದ್ಸಲ ಹೋಗಿ ಒಂದ್ಸಲ ಬರೋದಕ್ಕೆ ತಡ್ಕೊಳ್ಳುತ್ತಾ?"

"ಅಯ್ಯೋ, ಅಷ್ಟಕ್ಕೆ..." ಎಂದ ಶಮೀರ್ ತಂಗಚ್ಚನ್ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

"ಏನೇ ಇದು?" ತಂಗಚ್ಚನ್ ಇನ್ನೂ ಮಂಡಿಯೂರಿಯೇ ಇದ್ದ.

"ರಾಜೀನಾಮೆ ಕೊಡೋಕೆ ಹೋಗ್ತೀನಿ ಇಚ್ಚಾಯಾ. ಅವರು ಬಿಡೋಕೆ ಮೂರು ತಿಂಗಳು ಹಿಡಿಯುತ್ತೆ. ಆಮೇಲೆ ಬಂದ್ಬಿಡ್ತೀನಿ."

"ಅಂಗಡೀಲಿ ಹೇಳೋ ಮಾತಾ ಇದು?"

"ಮನೇಲಿ ಹೇಳೋಕೆ ಸಂದಿ ಎಲ್ಲಿತ್ತು?"

ಶಮೀರ್ ಬಟ್ಟೆ ತೆಗೆದುಕೊಂಡು, ಧೂಳೇ ಇಲ್ಲದ ಕಪಾಟು ಒರೆಸತೊಡಗಿದ.

"ಮತ್ತೆ ಮಹಡಿ?" ತಂಗಚ್ಚನ್ ದನಿ ಇಳಿದಿತ್ತು.

"ಕೆಳಗಿನ ಮನೇಲೇ ನಾನು ಇನ್ನೂ ಇದ್ದಿಲ್ಲ."

ತಂಗಚ್ಚನ್ ದೊಡ್ಡದರ ಜಿಪ್ಪನ್ನು ಮೂಲೆಯವರೆಗೆ ಎಳೆದ, ಮತ್ತೆ ಹಿಂದಕ್ಕೆ ಎಳೆದ. ಹೊರಗೆ ಕೋಟ್ಟಯಂ ಬಸ್ಸಿನವನು ಕೂಗಿ ಕೂಗಿ ಜನ ಸಾಲದೆ ಸುಮ್ಮನಾದ.

"ಸೆಟ್ ಒಡೆದ್ರೆ ಉಳಿದಿದ್ದು ನನ್ನ ತಲೆಗೇ ಬರುತ್ತೆ ಚೇಟಾ," ಎಂದ ಶಮೀರ್, ಕಪಾಟಿನ ಕಡೆಗೇ ಮುಖ ಮಾಡಿ.

"ಒಡಿ," ಎಂದ ತಂಗಚ್ಚನ್. ಮಂಡಿಗೆ ಕೈಯೂರಿ ಎದ್ದ. ಹೆಂಡತಿಯ ಕಡೆ ನೋಡದೆಯೇ, "ಲಿಲ್ಲಿಕುಟ್ಟಿಗೆ ನೀನೇ ಹೇಳು. ನನ್ ಕೈಲಾಗಲ್ಲ," ಎಂದ.

ರಸ್ತೆಗಿಳಿದ ಮೇಲೆ, ಚಕ್ರವಿದ್ದರೂ ಆ ಚಿಕ್ಕದನ್ನು ಎಳೆಯದೆ ಹೆಗಲ ಮೇಲೆ ಹೊತ್ತು ಅವನು ಮುಂದೆ ನಡೆದ. ಶೋಶಮ್ಮ ಹಿಂದೆ. ಅವಳ ಎರಡು ಕೈಯೂ ಖಾಲಿ ಇದ್ದವು. ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ದೂರ ಸೆರಗು ಹಿಡಿದು ನಡೆದಳು. ಆಮೇಲೆ ಅದನ್ನೂ ಬಿಟ್ಟಳು.