ಅಣ್ಣನ ಕೈ, ನನ್ನ ಕಂಪ್ಯೂಟರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಊರೆಲ್ಲ ಬಲ್ಲ ಸಂಗತಿ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆ ಭಾನುವಾರ ನನ್ನ ಅಣ್ಣ ಭರತನ ಬಲಗೈಯನ್ನು ಟ್ರ್ಯಾಕ್ಟರಿನ ನಟ್ಟು ಬಿಚ್ಚುವ ಕಬ್ಬಿಣದ ಪಾನಾದಿಂದ ಜಜ್ಜಿದೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ಶುರುವಾಗಲು ಎರಡೇ ದಿನ ಇತ್ತು. ಕಾಗವಾಡದ ಸುತ್ತಮುತ್ತ ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಅವನು ಯಾವ ಚಿಗುರುಗಣ್ಣು ಬಿಟ್ಟು ಎಲ್ಲಿ ಕತ್ತರಿ ಇಡುತ್ತಾನೋ ಅದರ ಮೇಲೆಯೇ ನಮ್ಮ ವರ್ಷದ ಬೆಳೆ ನಿಂತಿರುತ್ತದೆ.

ಕಾರಣ ನನ್ನ ಕಂಪ್ಯೂಟರು. ಗೇಮ್ ಆಡಲೆಂದೇ ಎಂಟು ತಿಂಗಳು ಒಂದೊಂದೇ ಭಾಗ ತರಿಸಿ, ಮೊಬೈಲಿನಲ್ಲಿ ನೋಡಿ ಕಲಿತು, ಗೊಬ್ಬರದ ಚೀಲ ಇಡುವ ಖೋಲಿಯಲ್ಲಿ ಕೂತು ಜೋಡಿಸಿದ್ದೆ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರ್ ಕೂರಿಸುವಾಗ ನನ್ನ ಕೈ ನಡುಗಿದಷ್ಟು ತಾಳಿ ಕಟ್ಟುವ ಮದುಮಗನ ಕೈಯೂ ನಡುಗುವುದಿಲ್ಲ. ಶನಿವಾರ ಅದು ಮೊದಲ ಸಲ ಚಾಲೂ ಆಯಿತು. ಫ್ಯಾನುಗಳು ತಿರುಗಿದವು, ಪರದೆಯ ಮೇಲೆ ಬಂದೂಕು ಹಿಡಿದವನೊಬ್ಬ ಓಡಿದ. ನಾನು ಒಬ್ಬನೇ ಕುಣಿದೆ.

ಅಣ್ಣ ಬಾಗಿಲಲ್ಲಿ ನಿಂತು ನೋಡಿದ. “ತ್ವಾಟದಾಗ ಕೆಲಸ ಬಾಯಿ ತಕ್ಕೊಂಡ ನಿಂತೈತಿ, ನೀ ಇಲ್ಲಿ ಡಬ್ಬಿ ಮುಂದ ಕುಣ್ಯಾಕತ್ತಿ. ಒಂದಿನ ಇದನ್ನ ಒಯ್ದು ಬಾಂವ್ಯಾಗ ಒಗದ ಬಿಡ್ತೇನಿ ನೋಡ.”

“ಒಗದ ನೋಡ, ನಿನ್ನ ಕೈಕಾಲ ಮುರೀತೇನಿ,” ಎಂದೆ.

ಕಂಪ್ಯೂಟರಿನ ಕ್ಯಾಬಿನೆಟ್ಟಿನ ಬದಿಯ ಗಾಜು ಕೊರಿಯರಿನಲ್ಲೇ ಒಡೆದು ಬಂದಿತ್ತು. ಭಾನುವಾರ ನಸುಕಿನಲ್ಲೇ ಅಥಣಿಗೆ ಹೋಗಿ ಬೇರೆ ಗಾಜು ಕೊಯ್ಯಿಸಿಕೊಂಡು ಮಧ್ಯಾಹ್ನ ಬಂದೆ. ಗಾಜನ್ನು ನೆಲದ ಮೇಲಿಟ್ಟು ಬಟನ್ ಒತ್ತಿದೆ. ಫಟ್ ಎಂದು ಸದ್ದಾಯಿತು. ಒಳಗಿನ ಭಾಗಗಳಿಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಯಿಂದ ನೀಲಿ ಕಿಡಿ ಹಾರಿತು, ಹೊಗೆ ಎದ್ದಿತು. ಪ್ಲಗ್ ಕಿತ್ತೆಸೆದೆ. ನನ್ನ ಎಂಟು ತಿಂಗಳ ಶ್ರಮ ಸುಟ್ಟ ವಾಸನೆ ಖೋಲಿ ತುಂಬಿತು.

ಸದ್ದು ಕೇಳಿ ಅಣ್ಣ ಓಡಿ ಬಂದ.

“ಇದನ್ನ ಮುಟ್ಟಿದ್ದೇನ ನೀ?” ಎಂದೆ.

ಅವನ ಮುಖ ಸಣ್ಣದಾಯಿತು. “ಮುಟ್ಟಿದ್ನೋ. ಏನಾತಂದ್ರ, ಮುಂಜಾನೆ…”

ಮುಂದಿನದನ್ನು ಕೇಳುವಷ್ಟು ಮನುಷ್ಯನಾಗಿ ನಾನು ಉಳಿದಿರಲಿಲ್ಲ. ಚೀಲದ ಮೇಲಿದ್ದ ಪಾನಾ ಕೈಗೆ ಬಂತು. ಸುಳ್ಳು ಏಕೆ ಹೇಳಲಿ, ತಲೆಗೇ ಗುರಿಯಿಟ್ಟಿದ್ದೆ. ಅವನು ಬಲಗೈ ಅಡ್ಡ ತಂದ. ಹಸಿ ಕಬ್ಬು ಮುರಿದ ಹಾಗೆ ಎಲುಬಿನ ಸದ್ದು ಕೇಳಿಸಿತು. ಎರಡನೆಯ ಏಟನ್ನು ಆ ಕೈ ಗೋಡೆಗೆ ಒತ್ತಿಹಿಡಿದು ಬೆರಳುಗಳ ಮೇಲೆ ಹಾಕಿದೆ. ಅಣ್ಣ ಎಡಗೈಯಲ್ಲಿ ನನ್ನ ಕುತ್ತಿಗೆ ಹಿಸುಕಿ, ಹಣೆಯಿಂದ ಮೂಗಿಗೆ ಗುದ್ದಿದ. ಬಾಯಿಗೆ ರಕ್ತ ಇಳಿಯಿತು. ಇಬ್ಬರೂ ಹೊಸ ಗಾಜಿನ ಮೇಲೆ ಬಿದ್ದೆವು, ಅದು ನನ್ನ ಬೆನ್ನ ಕೆಳಗೆ ಪುಡಿಯಾಯಿತು. ಆದರೂ ಅವನ ಪಕ್ಕೆಗೆ ಮೊಣಕಾಲಿನಿಂದ ಗುದ್ದುತ್ತಲೇ ಇದ್ದೆ. ನನಗೆ ಖುಷಿಯಾಗುತ್ತಿತ್ತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಬಿಡಿಸಿದವರು ಅಣ್ಣನ ಹೆಂಡತಿ, ದ್ರೌಪದಿ ವೈನಿ. ಬಿಡಿಸಿದರು ಎಂದರೆ, ಬಿದಿರಿನ ಗಳದಿಂದ ನನ್ನ ಬೆನ್ನಿಗೆ ಬಾರಿಸಿದರು, ಗಳ ಸೀಳುವವರೆಗೆ.

“ಯಾರನ್ನ ಹೊಡ್ಯಾಕತ್ತೀಲೇ ದುಂಡ್ಯಾ? ನಿನ್ನ ಡಬ್ಬಿಗೆ ದೃಷ್ಟಿ ಆಗಬಾರದಂತ ನಿಮ್ಮಣ್ಣ ಬರಿಗಾಲಿಲೆ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಭಂಡಾರದ ಅರಿಶಿಣ ತಂದಾರ! ಟ್ರ್ಯಾಕ್ಟರ್ ತಂದಾಗ ಹಚ್ಚಿಲ್ಲೇನ? ಔಷಧ ಹೊಡಿಯೋ ಮಶೀನ್ ತಂದಾಗ ಹಚ್ಚಿಲ್ಲೇನ? ಹೊಸಾ ಮಶೀನಿಗೆ ಮಲ್ಲಯ್ಯನ ಭಂಡಾರ ಹಚ್ಚದ ಇಡತಾರೇನ? ಹೊರಗ ಹಚ್ಚಿದ್ರ ನೀ ಒದರ್ತಿ ಅಂತ, ತೀರ್ಥದಾಗ ಕಲಸಿ ಆ ಜಾಳಿಗ್ಯಾಗಿಂದ ಒಳಗ ಬಿಟ್ಟಾರ!”

ತಿರುಗಿ ನೋಡಿದೆ. ಪವರ್ ಸಪ್ಲೈನ ಜಾಳಿಗೆಯೊಳಗೆ, ಕಪ್ಪು ಮಸಿಯ ನಡುವೆ, ಅರಿಶಿನ ಇನ್ನೂ ಹಸಿಯಾಗಿತ್ತು.

ಅಣ್ಣ ನೆಲದ ಮೇಲೆ ಕೂತು ಬಲಗೈಯನ್ನು ಎದೆಗೆ ಒತ್ತಿಕೊಂಡಿದ್ದ. “ನೀರ ಸ್ವಲ್ಪನ ಇತ್ತೋ ದುಂಡ್ಯಾ,” ಎಂದ, ತಪ್ಪು ಮಾಡಿದವನ ದನಿಯಲ್ಲಿ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಎರಡು ಬೆರಳು ಇನ್ನು ಆಡುವುದಿಲ್ಲ ಎಂದರು ಆಸ್ಪತ್ರೆಯಲ್ಲಿ ಡಾಕ್ಟರು. ಹೇಗಾಯಿತೆಂದು ಕೇಳಿದಾಗ, ಟ್ರ್ಯಾಕ್ಟರಿನ ಕೊಂಡಿ ಕೈ ಮೇಲೆ ಬಿತ್ತು ಎಂದ ಅಣ್ಣ. ನಾನು ಮೂಗಿಗೆ ಹತ್ತಿ ತುರುಕಿಕೊಂಡು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರು ಇಬ್ಬರನ್ನೂ ನೋಡಿ ಹಾಗೆಯೇ ಬರೆದುಕೊಂಡರು.

ಮನೆಗೆ ಬಂದು ಪಾನಾವನ್ನು ವೈನಿಯ ಮುಂದೆ ಇಟ್ಟೆ. ಹೊಸ್ತಿಲ ಮೇಲೆ ಬಲಗೈ ಚಾಚಿದೆ. “ಹೊಡೀರಿ ವೈನಿ.”

ಅವರು ಎತ್ತಿದರು. ನಿಜವಾಗಿಯೂ ಎತ್ತಿದರು. ಆಮೇಲೆ ಅದನ್ನು ಅಂಗಳಕ್ಕೆ ಬೀಸಿ ಒಗೆದರು.

“ನಿನ್ನ ಕೈನೂ ಮುರದ್ರ ಚಾಟ್ನಿ ಯಾರ ಮಾಡಬೇಕು? ಸತ್ತ ನಿಮ್ಮಪ್ಪ ಎದ್ದ ಬರ್ತಾನೇನ?”

ಮಂಗಳವಾರ ಮುಂಜಾನೆ ಕತ್ತರಿ ಹಿಡಿದು ಮೊದಲ ಬಳ್ಳಿಯ ಮುಂದೆ ನಿಂತೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಣ್ಣ ಹಿಂದೆಯೇ ಬಂದ. ನಾನು ಕತ್ತರಿ ಇಟ್ಟದ್ದು ತಪ್ಪು ಚಿಗುರುಗಣ್ಣಿಗೆ. ಅಲ್ಲಲ್ಲ ಎಂದು ತೋರಿಸಲು ಅವನು ಬಲಗೈ ಎತ್ತಿದ. ಬೆರಳು ಏಳಲಿಲ್ಲ. ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಕತ್ತರಿಯನ್ನು ಎಲ್ಲಿ ಇಡಬೇಕೋ ಅಲ್ಲಿ ತಂದಿಟ್ಟ.

“ಇಲ್ಲೆ. ಅಂಜಬ್ಯಾಡ, ಕತ್ತರಸ.”

ಅಳುತ್ತಲೇ ಕತ್ತರಿಸಿದೆ. ಇನ್ನೂ ಎರಡು ಸಾವಿರ ಬಳ್ಳಿ ಇದ್ದವು.