ಗುರುಶಾಂತಮ್ಮನ ಒಲೆ, ಗಂಗಾಬಾಯಿಯ ಹಂಚು

ನಮ್ಮ ಕೊಳಕೂರಿನಲ್ಲಿ ಹೊಗೆಗೆ ಕಣ್ಣೀರು ಸುರಿಸದೆ ಅಡುಗೆ ಮಾಡಿದ ಹೆಣ್ಣುಮಗಳೇ ಇರಲಿಲ್ಲ. ಎಂಬತ್ತೇಳರ ಬೇಸಿಗೆಯಲ್ಲಿ ನಮ್ಮ ಮಹಿಳಾ ಸಂಘ ಆ ಗೋಳು ತಪ್ಪಿಸಿತು. ಗುರುಶಾಂತಮ್ಮ ಹೊಗೆ ಇಲ್ಲದ ಒಲೆ ಕಟ್ಟುವುದನ್ನು ಕಲಿತು ಬಂದಳು. ಮಣ್ಣು ತುಳಿದವರು ನಾವು, ಕಟ್ಟಿದವಳು ಅವಳು. ಓಣಿಯ ಮಾಳಿಗೆಗಳ ಮೇಲೆಲ್ಲ ಹೊಗೆ ಕೊಳವೆ ಎದ್ದು ನಿಂತವು. ಆಮೇಲೆ ನಾವು ಎದೆಯುಬ್ಬಿಸಿ ತಿರುಗಾಡಿದ್ದು ಸುಳ್ಳಲ್ಲ.

ಸುದ್ದಿ ಹವಳಗಾಕ್ಕೂ ಮುಟ್ಟಿತು. ನಮ್ಮೂರಿಗೂ ಬಂದು ಕಟ್ಟಿಕೊಡಿ ಎಂದು ಅಲ್ಲಿನ ಹೆಂಗಸರು ಹೇಳಿ ಕಳಿಸಿದರು. ಗುರುಶಾಂತಮ್ಮ ಅಂದೇ ಹೊರಡಲು ಸಿದ್ಧ. ತಡೆದವಳು ಸಂಘದ ಸಾಬಮ್ಮ.

"ಹೋಗೋಕಿಂತ ಮೊದಲ ಕಟ್ಟಿದ ಒಲಿ ಒಮ್ಮೆ ನೋಡಿ ಬರಮು, ಅಕ್ಕ."

"ಮುಗಿದ ಕೆಲಸದಾಗ ನೋಡೋದೇನದ ಬೇ? ಎಲ್ಲಾರೂ ಚಲೋ ಅದ ಅಂತಾರ."

"ಮನಿಗಿ ಬಂದವರ ಮುಂದ ಕೆಟ್ಟ ಅದ ಅಂತ ಯಾರ ಅಂತಾರ? ಅಲ್ಲಿ ಹೋಗಿ ತಪ್ಪು ಕಟ್ಟಿದ್ರ ನಿನ್ನ ಹೆಸರೂ ಹೋಗತದ, ಊರ ಹೆಸರೂ ಹೋಗತದ."

ಹೆಸರಿನ ಮಾತಿಗೆ ಗುರುಶಾಂತಮ್ಮ ಎದ್ದಳು. ಮುಖ ಮಾತ್ರ ಹುಳ್ಳಗಾಗಿತ್ತು.

ಮೊದಲು ಹೋಗಿದ್ದು ಗಂಗಾಬಾಯಿಯ ಮನೆಗೆ. "ಭಾಳ ಚಲೋ ಅದರಿ ಒಲಿ. ಕೂಡ್ರಿ, ಚಾ ಮಾಡ್ತೇನಿ" ಎಂದಳು ಅವಳು. ಒಲೆಗೆ ಸಾರಣೆ, ರಂಗೋಲಿ, ವಿಭೂತಿ ಎಲ್ಲ ಇತ್ತು. ನೋಡಿದೆಯಾ ಎಂಬಂತೆ ಗುರುಶಾಂತಮ್ಮ ಸಾಬಮ್ಮನನ್ನು ತಿವಿದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಒಲೆಯ ಬಾಯಲ್ಲಿ ಚಿಟಿಕೆ ಬೂದಿಯೂ ಇಲ್ಲದ್ದು, ಹಿತ್ತಲಿನ ಹಳೆ ಒಲೆ ಇನ್ನೂ ಬಿಸಿ ಇದ್ದದ್ದು ಅವಳಿಗೆ ಕಾಣಲಿಲ್ಲ.

ಸಾಬಮ್ಮನಿಗೆ ಕಂಡಿತು. ಅವಳು ಒಲೆಯ ಮುಂದೆಯೇ ಕುಳಿತಳು.

"ಚಾ ಬ್ಯಾಡ ಗಂಗಾಬಾಯಿ. ಇದರ ಮ್ಯಾಲ ಒಂದು ರೊಟ್ಟಿ ಮಾಡಿ ಕೊಡು."

ಗಂಗಾಬಾಯಿ ಅಳುಕುತ್ತ ಹಂಚಿಟ್ಟಳು. ಹಂಚು ಅಗಲ, ಒಲೆಯ ಮೇಲಿನ ಎರಡೂ ಬಾಯಿ ಸಣ್ಣವು. ರೊಟ್ಟಿ ನಡುವೆ ಸೀದಿತು, ಸುತ್ತಲೂ ಹಸಿ ಉಳಿಯಿತು.

"ಸಿಟ್ಟಾಗಬ್ಯಾಡ ಅಕ್ಕ" ಎಂದಳು ಗಂಗಾಬಾಯಿ. "ಅನ್ನ, ಸಾರಿಗೆ ಇದರಂಥ ಒಲಿ ಇಲ್ಲ. ರೊಟ್ಟಿ ಅಷ್ಟೇ ಆಗಲ್ದು. ರೊಟ್ಟಿಗಿ ಹಳಿ ಒಲಿ ಹಚ್ಚಿದ ಮ್ಯಾಲ ಎಲ್ಲಾ ಅದರ ಮ್ಯಾಲೇ ಮಾಡ್ತೇನಿ. ನೀ ಅಷ್ಟು ಕಷ್ಟಪಟ್ಟು ಕಟ್ಟೀದಿ, ಹೆಂಗ ಹೇಳಲಿ ಅಂತ ಸುಮ್ಮನಿದ್ದೆ."

ಹೊಗೆ ಇಲ್ಲದ ಒಲೆಯ ಮುಂದೆ ಗುರುಶಾಂತಮ್ಮನ ಕಣ್ಣು ತುಂಬಿದವು. ಹೊತ್ತು ಹೊತ್ತಿಗೂ ಜೋಳದ ರೊಟ್ಟಿ ತಿನ್ನುವ ನಾವು ಅನ್ನ ಬೇಯಿಸುವ ಬೋಗೋಣಿ ಅಳೆದು ಒಲೆ ಕಟ್ಟಿದ್ದೆವು. ಹಂಚು ಅಳೆಯುವುದು ಒಬ್ಬರಿಗೂ ಹೊಳೆದಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಹಂಚನ್ನು ಒಲೆಯ ಮೇಲೆ ಕವುಚಿದಳು, ಸುತ್ತ ಇದ್ದಿಲಿನಿಂದ ಗೆರೆ ಎಳೆದಳು. "ಖುರಪಿ ತಾ" ಎಂದಳು. ಗೆರೆಗಿಂತ ಒಂದು ಬೆರಳು ಒಳಗೆ, ತಾನೇ ಕಟ್ಟಿದ ಒಲೆಯನ್ನು ತಾನೇ ಕೊರೆದಳು. ಹಿಂದಿನ ಬಾಯಿಯನ್ನು ಬೋಗೋಣಿಗೆಂದು ಹಾಗೇ ಬಿಟ್ಟಳು. ಕೊರೆದ ಅಂಚಿಗೆ ಮೆತ್ತಿದ ಮಣ್ಣು ಒಣಗಿದ ಮೇಲೆ ಗಂಗಾಬಾಯಿ ಹಾಕಿದ ರೊಟ್ಟಿ ಪೂರಿಯಂತೆ ಉಬ್ಬಿತು.

ಆಮೇಲೆ ಗುರುಶಾಂತಮ್ಮನನ್ನು ಹಿಡಿಯುವವರೇ ಇರಲಿಲ್ಲ. ಮನೆಮನೆಗೂ ಹೋಗಿ "ರೊಟ್ಟಿ ಮಾಡಿ ತೋರಸ್ರಿ" ಎಂದಳು. ತೊಗರಿ ಕಟ್ಟಿಗೆಯ ಮಸಿ ಕೊಳವೆಗೆ ಕಟ್ಟುವುದು ತಿಳಿಯಿತು. ಬೂದಿ ಕಲಸಿದ ಮಣ್ಣು ಎಲ್ಲೂ ಬಿರಿಯದ್ದು ತಿಳಿದು, ಅದನ್ನು ಬಿಡಬಾರದೆಂದು ಗಟ್ಟಿ ಮಾಡಿಕೊಂಡೆವು.

ಹವಳಗಾದಲ್ಲಿ ಅವಳ ಮೊದಲ ಮಾತು, "ನಿಮ್ಮ ಹಂಚು ತರ್ರಿ." ಒಲೆಗಳಾದ ಒಂದು ತಿಂಗಳಿಗೆ ಯಾರೂ ಕರೆಯದಿದ್ದರೂ ಮತ್ತೆ ಅಲ್ಲಿಗೆ ಬಸ್ ಹತ್ತಿದಳು. ಎಲ್ಲಿಗೆ ಅಕ್ಕ ಎಂದರೆ, "ಹವಳಗಾಕ್ಕ, ರೊಟ್ಟಿ ತಿನ್ನಾಕ" ಎಂದಳು. ಇಂಥವಳು ನಮ್ಮೂರಿನವಳು ಎಂದು ಹೇಳಿಕೊಳ್ಳಲು ನಮಗೆ ಇಂದಿಗೂ ಹೆಮ್ಮೆ.

ಅಕ್ಕ ತಂಗಿಯರೇ, ನಿಮ್ಮ ಸಂಘವೂ ಏನಾದರೊಂದು ಕಟ್ಟಿರುತ್ತದೆ. ಕಾಯಿ ಒಡೆದು ಕೈ ತೊಳೆದುಕೊಳ್ಳಬೇಡಿ. ಮುಂದಿನ ಕೆಲಸಕ್ಕೆ ಕೈ ಹಾಕುವ ಮೊದಲು, ಅದನ್ನು ದಿನವೂ ಬಳಸುವವರ ಮನೆಗೆ ಹೋಗಿ. ಚೆನ್ನಾಗಿದೆಯೇ ಎಂದು ಕೇಳಿದರೆ ನಿಮಗೆ ಚಹಾ ಸಿಗುತ್ತದೆ ಅಷ್ಟೇ. ಬಳಸಿ ತೋರಿಸಿ ಎನ್ನಿ, ಕುಳಿತು ನೋಡಿ.