ಫ್ರೇಮಿಗೆ ಹಿಡಿಸದ ಕೈ

ಒಗೆದ ಬಟ್ಟೆಯನ್ನು ತಂತಿಗೆ ಹರವುತ್ತಿದ್ದ ಅಮ್ಮನನ್ನು ಅಪ್ಪ ಮುಂದಿನ ಕೋಣೆಯಿಂದ ಕೂಗಿ ಕರೆದರು. ಆ ಕೋಣೆಯೇ ಅವರ ಫ್ರೇಮಿನ ಅಂಗಡಿ. ಅಮ್ಮ ಕೈ ಒರೆಸಿಕೊಂಡು ಹೋಗಿ, ಗಿರಾಕಿಯೊಬ್ಬರು ಕೊಟ್ಟುಹೋಗಿದ್ದ ಚಿತ್ರದ ಒಂದು ತುದಿ ಹಿಡಿದುಕೊಂಡರು.

"ಬೇಗ ಮುಗಿಸ್ಬೇಕು ಕಣೇ. ಹತ್ತು ಗಂಟೆಗೆ ಕಾಲೇಜಿಗೆ ಹೋಗಿ ದೊಡ್ಡವಳ ಕಾಗದಪತ್ರ ಈಸ್ಕೊಂಡು ಬರ್ಬೇಕು," ಎಂದರು ಅಪ್ಪ.

ದೊಡ್ಡ ಮಗಳ ಮದುವೆ ಗೊತ್ತಾಗಿತ್ತು; ಹುಡುಗಿಯ ಓದು ಇಲ್ಲಿಗೇ ನಿಲ್ಲಲಿ ಎಂದು ಹುಡುಗನ ಮನೆಯವರು ಹೇಳಿಕಳಿಸಿದ್ದರು. ದೊಡ್ಡವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಚಿಕ್ಕವಳು ಮಾತ್ರ ಎರಡು ದಿನದಿಂದ ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು, "ದೊಡ್ಡವರ ವಿಷಯ ನಿನಗ್ಯಾಕೆ?" ಎಂದು ಅಮ್ಮ ಗದರಿಸಿದೊಡನೆ ಮುಚ್ಚುತ್ತಿದ್ದಳು.

ಚಿತ್ರದಲ್ಲಿ ಒಬ್ಬ ಹೆಂಗಸು. ಮೂಗು ಪಕ್ಕಕ್ಕೆ, ಕಣ್ಣೆರಡೂ ಎದುರಿಗೆ, ಭುಜ ಮೂರು ಚೂರು. ಒಂದು ಕೈ ಮೈಯಿಂದ ಬಿಡಿಸಿಕೊಂಡು ಅಂಚಿನ ಹತ್ತಿರ ಒಂಟಿಯಾಗಿತ್ತು. ಅಪ್ಪ ಮಾಡಿಟ್ಟಿದ್ದ ಫ್ರೇಮು ಎರಡು ಬೆರಳಿನಷ್ಟು ಚಿಕ್ಕದಾಗಿತ್ತು.

"ಬಿದ್ದು ಒಡೆದ ಗೊಂಬೆ ಥರ ಇದ್ದಾಳೆ," ಅಪ್ಪ ನಕ್ಕರು. "ಈ ಕೈ ಯಾವುದಕ್ಕೂ ಅಂಟಿಲ್ಲ ನೋಡು. ಕತ್ತರಿಸಿದ್ರೆ ಸರಿಹೋಗುತ್ತೆ, ಯಾರಿಗೂ ಗೊತ್ತಾಗಲ್ಲ."

"ಪಾಪ, ಒಂದೇ ಸಲ ಹತ್ತು ಕಡೆಯಿಂದ ಕರೆದಿರ್ಬೇಕು ಅವಳನ್ನ," ಎಂದರು ಅಮ್ಮ.

ಬಾಗಿಲಲ್ಲಿ ನಿಂತಿದ್ದ ದೊಡ್ಡವಳು ಹತ್ತಿರ ಬಂದಳು. "ಒಡೆದಿಲ್ಲ ಅಪ್ಪ, ತಿರುಗ್ತಾ ಇದ್ದಾಳೆ. ತಿರುಗುವಾಗ ಕಾಣೋ ಮುಖಗಳನ್ನೆಲ್ಲ ಒಟ್ಟಿಗೆ ಬರೆದಿದ್ದಾರೆ. ಕೈ ಏನನ್ನೋ ತಗೊಳ್ಳೋಕೆ ಮುಂದೆ ಹೋಗಿದೆ, ಮೈ ಇನ್ನೂ ಅಲ್ಲಿಗೆ ತಲುಪಿಲ್ಲ, ಅಷ್ಟೇ. ಅದನ್ನ ಕತ್ತರಿಸಿದ್ರೆ ಇವಳು ಯಾಕೆ ತಿರುಗಿದಳು ಅಂತಾನೇ ಗೊತ್ತಾಗಲ್ಲ."

ಅಪ್ಪ ಚಿತ್ರವನ್ನು ದೂರ ಹಿಡಿದು ನೋಡಿದರು. "ಹೌದಲ್ವೇ! ಇದನ್ನೆಲ್ಲ ಎಲ್ಲಿ ಕಲಿತೆ?"

"ಕಾಲೇಜಲ್ಲಿ."

ಅಪ್ಪ ಚಾಕುವನ್ನು ಮಡಚಿ ಮೇಜಿನ ಮೇಲಿಟ್ಟರು.

"ಬೇಡ, ಬೇರೆ ಫ್ರೇಮೇ ಮಾಡ್ತೀನಿ. ಗಿರಾಕೀನ ಒಂದು ಮಾತು ಕೇಳದೆ ಅವರ ಚಿತ್ರಕ್ಕೆ ಚಾಕು ಹಾಕೋದು ಸರಿಯಲ್ಲ," ಎಂದು ತಮಗೆ ತಾವೇ ಹೇಳಿಕೊಂಡು, ಕಾಲೇಜಿಗೆ ಹೊರಡಲು ಶೂ ಹುಡುಕಿದರು.

ಒಂದು ಶೂ ಬಾಗಿಲ ಬಳಿ ಇತ್ತು. ಇನ್ನೊಂದನ್ನು ಚಿಕ್ಕವಳು ಎರಡೂ ಕೈಯಲ್ಲಿ ಎದೆಗವಚಿಕೊಂಡು ನಿಂತಿದ್ದಳು. ಅವಳು ಬಾಯಿ ತೆರೆದಾಗ ಅಮ್ಮ ಈ ಸಲ ತಡೆಯಲಿಲ್ಲ.

"ಅಪ್ಪಾ, ಅಕ್ಕನ್ನ ಕೇಳಿದ್ಯಾ?"